ಸೂಜಿ ಕಾಯುವ ಕೆಲಸ

ಹನ್ನೊಂದು ಹತ್ತಕ್ಕೆ ಗೇಜಿನ ಸೂಜಿ ಐದರ ಗೀಟಿನ ಮೇಲಿತ್ತು. ಈಗ ಹನ್ನೊಂದು ಇಪ್ಪತ್ತೆಂಟು. ಗೀಟಿನ ಮೇಲೇ ಇದೆಯೋ, ಎಡಕ್ಕೆ ಕೂದಲೆಳೆಯಷ್ಟು ಜಾರಿದೆಯೋ ಅವನಿಗೆ ಬಗೆಹರಿಯಲಿಲ್ಲ. ತಲೆಯನ್ನು ತುಸು ಬಲಕ್ಕೆ ವಾಲಿಸಿದರೆ ಸೂಜಿ ಇದ್ದಲ್ಲೇ ಇರುತ್ತಿತ್ತು. ನೆಟ್ಟಗೆ ಕುಳಿತರೆ ಇಳಿದಿರುತ್ತಿತ್ತು. ಇಪ್ಪತ್ನಾಲ್ಕು ವರ್ಷ ಕಟ್ಟಡಗಳ ನೀರಿನ ಪೈಪುಗಳಿಗೆ ಒತ್ತಡ ಕೊಟ್ಟು ಇಂಥ ಗೇಜುಗಳನ್ನೇ ನೋಡಿ ಅನ್ನ ತಿಂದವನಿಗೆ ಎಲ್ಲಿ ಕುಳಿತು ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೂಜಿಯ ನೇರಕ್ಕೆ ಮೂಗಿರಬೇಕು, ಅಷ್ಟೇ. ಅದು ಗೊತ್ತಿದ್ದೂ ಅವನು ಬಲಕ್ಕೆ ವಾಲಿಯೇ ಕುಳಿತಿದ್ದ. ಕತ್ತು ನೋಯತೊಡಗಿತ್ತು. ಮಗಳು ಹೊರಡುವಾಗ, ಅಪ್ಪಾ ನೀನು ಏನೂ ಮುಟ್ಟೋದು ಬೇಡ, ಸುಮ್ಮನೆ ನೋಡ್ತಿದ್ರೆ ಸಾಕು, ಮೂವತ್ತು ನಿಮಿಷ ಅಂದರೆ ಮೂವತ್ತೇ ನಿಮಿಷ ಎಂದು ಹೇಳಿ, ಬೀದಿಯ ಕೊನೆಯ ಔಷಧಿ ಅಂಗಡಿಗೆ ಬಟ್ಟಿ ಇಳಿಸಿದ ನೀರು ತರಲು ಹೋಗಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂರುವ ಮೇಷ್ಟರಿಗೆ ಹೇಳಿದ ಹಾಗಿತ್ತು ಅವಳ ದನಿ.

ಮೇಜಿನ ಮೇಲೆ ಅವಳ ಕಂಪ್ಯೂಟರು ಒಂದು ಪಕ್ಕದ ಗಾಜು ಕಳಚಿಕೊಂಡು ಅಡ್ಡ ಮಲಗಿತ್ತು. ಎರಡು ವರ್ಷ ಒಂದೊಂದೇ ಭಾಗ ಕೂಡಿಸಿ ಅವಳು ಜೋಡಿಸಿದ ಯಂತ್ರ. ಯಂತ್ರವನ್ನು ನೀರಿನಿಂದ ತಣ್ಣಗಿಡಲು ಅದರ ಹೊಟ್ಟೆಯೊಳಗೆ ಈಗ ಪಂಪು, ನೀರಿನ ಪುಟ್ಟ ತೊಟ್ಟಿ, ಪ್ರೊಸೆಸರಿನ ಮೇಲೊಂದು ತಾಮ್ರದ ಬಿಲ್ಲೆ, ಗ್ರಾಫಿಕ್ಸ್ ಕಾರ್ಡಿನ ಮೇಲೊಂದು, ಮೇಲ್ಗಡೆ ಉದ್ದನೆಯ ರೇಡಿಯೇಟರು; ಇವನ್ನೆಲ್ಲ ಸುತ್ತಿ ಬರುವ ಗಾಜಿನಂಥ ಪಾರದರ್ಶಕ ಕೊಳವೆಗಳು. ನೀರು ಇನ್ನೂ ಹಾಕಿರಲಿಲ್ಲ. ಒಳಗೆ ಇದ್ದದ್ದು ಬರೀ ಗಾಳಿ. ಸೈಕಲ್ ಪಂಪಿನಂಥ ಒಂದು ಕೈಪಂಪಿನಿಂದ ಗಾಳಿ ತುಂಬಿ, ಸೂಜಿ ಅರ್ಧ ಗಂಟೆ ಅಲ್ಲಾಡದಿದ್ದರೆ ಎಲ್ಲೂ ಸೋರುವುದಿಲ್ಲ ಎಂದರ್ಥ, ಆಮೇಲೆ ನೀರು. ಸೋರುವ ಕೊಳವೆಗೆ ನೀರು ಹಾಕಿದರೆ ಕೆಳಗಿನ ಹಸಿರು ಸರ್ಕ್ಯೂಟ್ ಹಲಗೆಯ ಮೇಲೆ ಒಂದು ಹನಿ ಬಿದ್ದರೂ ಎರಡು ವರ್ಷದ ಯಂತ್ರ ಹೊಗೆಯಾಗುತ್ತದೆ. ಇದನ್ನು ಅವಳು ಮೂರು ವಾರದಲ್ಲಿ ಮೂವತ್ತು ಸಲ ಹೇಳಿದ್ದಳು. ಕಳೆದ ತಿಂಗಳು ಐದು ಜನರ ತಂಡದಲ್ಲಿ ಆನ್‌ಲೈನ್ ಆಟ ಆಡುತ್ತಿದ್ದಾಗ ಯಂತ್ರ ಕಾದು ತಾನಾಗೇ ಆರಿಹೋಗಿತ್ತು. ಸೋಲ್ತೀವಿ ಅಂತ ಎದ್ದು ಓಡಿಹೋದಳು ಎಂದು ಉಳಿದ ನಾಲ್ವರು ಆಡಿಕೊಂಡರಂತೆ. ಅವಳು ಅದನ್ನು ಹೇಳುವಾಗ ಅಳಲಿಲ್ಲ, ಆದರೆ ತಟ್ಟೆ ಅರ್ಧಕ್ಕೇ ಬಿಟ್ಟೆದ್ದಳು. ಮಾರನೆಯ ದಿನ ಒಂದು ಹಾಳೆ, ಪೆನ್ಸಿಲು ಹಿಡಿದು ಅವನ ಮುಂದೆ ಬಂದು ಕುಳಿತು, ಅಪ್ಪಾ ನಿನಗೆ ಪೈಪಿನ ಕೆಲಸ ಗೊತ್ತಲ್ಲ ಎಂದಳು.

ಅವನಿಗೆ ಆ ಕ್ಷಣ ಆದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಹತ್ತೊಂಬತ್ತು ವರ್ಷದ ಮಗಳು ಹನ್ನೆರಡರ ವಯಸ್ಸಿನಿಂದೀಚೆಗೆ ಅವನನ್ನು ಏನೂ ಕೇಳಿದ್ದಿಲ್ಲ. ಕಂಪನಿಯ ಮೀಟಿಂಗಿಗೆ ಕೂತವನಂತೆ ಕನ್ನಡಕ ಒರೆಸಿಕೊಂಡು ಅವನು ಮೊದಲ ದಿನವೇ ಮೂರು ತಪ್ಪು ಹೇಳಿದ. ನೀರು ಪ್ರೊಸೆಸರಿನಿಂದ ನೇರ ಗ್ರಾಫಿಕ್ಸ್ ಕಾರ್ಡಿಗೆ ಹೋಗಬಾರದು, ನಡುವೆ ತಣ್ಣಗಾಗಬೇಕು ಎಂದ. ಅವಳು, ಸುತ್ತಿ ಸುತ್ತಿ ಬರೋ ನೀರು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತೆ, ಯಾರು ಮೊದಲು ಯಾರು ಆಮೇಲೆ ಅನ್ನೋದು ಮುಖ್ಯ ಅಲ್ಲ, ಪಂಪಿಗೆ ಮಾತ್ರ ಯಾವಾಗಲೂ ತೊಟ್ಟಿಯಿಂದ ನೀರು ಸಿಗಬೇಕು ಎಂದಳು. ಇಷ್ಟು ಮೇಲಕ್ಕೆ ನೀರೆತ್ತಲು ಈ ಪಂಪು ಸಾಲದು ಎಂದ. ಹೋದ ನೀರು ವಾಪಸ್ ಬರುತ್ತಲ್ಲಪ್ಪ, ಇದೇನು ಛಾವಣಿ ಮೇಲಿನ ಟ್ಯಾಂಕಾ ಎಂದಳು. ಕೊನೆಗೆ, ಹಗುರವಾಗಿರಲಿ ಎಂದು ಅಲ್ಯುಮಿನಿಯಮ್ ರೇಡಿಯೇಟರು ತೋರಿಸಿದ. ತಾಮ್ರ, ಅಲ್ಯುಮಿನಿಯಮ್ ಎರಡೂ ಒಂದೇ ನೀರಿನಲ್ಲಿದ್ದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆಂದು ಅವಳು ವಿವರಿಸುವಾಗ ಅವನ ಕಿವಿ ಬಿಸಿಯಾಯಿತು. ಅದು ಅವನಿಗೇ ಗೊತ್ತಿದ್ದ ಸಂಗತಿ. ಕೈಕೆಳಗಿನವರಿಗೆ ಇಪ್ಪತ್ತು ವರ್ಷದಿಂದ ಹೇಳಿಕೊಡುತ್ತಿದ್ದ ಪಾಠ. ಮಗಳ ಮುಂದೆ ಏನಾದರೂ ಹೇಳಬೇಕೆಂಬ ಆತುರದಲ್ಲಿ ಮರೆತೇಹೋಗಿತ್ತು. ಅವನು ಹೇಳಿದ್ದರಲ್ಲಿ ಅವಳು ಒಪ್ಪಿದ್ದು ಒಂದೇ ಒಂದು: ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ ನೀರು ಖಾಲಿ ಮಾಡಲು ಒಂದು ಪುಟ್ಟ ನಲ್ಲಿ ಇರಲಿ ಎಂದದ್ದು. ಇದು ನನ್ನ ತಲೆಗೇ ಹೊಳೆದಿರಲಿಲ್ಲ ಎಂದು ಅವಳು ನಕ್ಷೆಯಲ್ಲಿ ನಲ್ಲಿಯ ಚಿತ್ರ ಬರೆದಳು. ಆ ರಾತ್ರಿ ಅವನು ಹೆಂಡತಿಗೆ ನಲ್ಲಿಯ ವಿಷಯ ಎರಡು ಸಲ ಹೇಳಿದ. ಅವಳು ಎರಡನೆಯ ಸಲ, ರೀ, ಒಂದು ನಲ್ಲಿಗೆ ಎಷ್ಟು ಸಲ ಹಾರ ಹಾಕ್ಕೊಳ್ತೀರಿ ಎಂದು ದೀಪ ಆರಿಸಿದಳು.

ಕೊಳವೆಗಳನ್ನು ಬಗ್ಗಿಸುವ ಪ್ರಶ್ನೆ ಬಂದಾಗ ಮಗಳು ಸೋದರಮಾವನ ಹೆಸರೆತ್ತಿದಳು. ಗಟ್ಟಿ ಕೊಳವೆಯ ಒಳಗೆ ರಬ್ಬರಿನ ಹುರಿ ತೂರಿಸಿ, ಬಿಸಿ ಗಾಳಿಯಲ್ಲಿ ತಿರುಗಿಸುತ್ತಾ ತಿರುಗಿಸುತ್ತಾ, ಮೆತ್ತಗಾದ ಗಳಿಗೆ ನೋಡಿ ಮಡಿಸಬೇಕು. ಒಂದು ಉಸಿರು ತಡವಾದರೆ ಗುಳ್ಳೆ ಏಳುತ್ತದೆ. ಅವಳ ಮಾವ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಚೌಕಟ್ಟುಗಳನ್ನು ಬಿಸಿ ಗಾಳಿಗೆ ಹಿಡಿದು ಜನರ ಕಿವಿಗೆ ತಕ್ಕಂತೆ ಬಗ್ಗಿಸುವವನು. ಮಾವನ ಕೈಯಂಥ ಕೈ ಎಲ್ಲಿ ಸಿಗುತ್ತೆ ಎಂದು ಅವಳು ಹೇಳುವಾಗ ಅವನು ನಕ್ಷೆಯ ಮೇಲೆ ಬಾಗಿ, ಇದ್ದ ಗೆರೆಯನ್ನೇ ಇನ್ನೊಮ್ಮೆ ತಿದ್ದುತ್ತಿದ್ದ. ಬೇಡ ಎನ್ನಲು ಅವನ ಬಳಿ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಭಾಮೈದ ಎರಡು ಭಾನುವಾರ ಬಂದು ಆರು ಕೊಳವೆ ಬಗ್ಗಿಸಿದ, ಹದಿಮೂರು ಜಾಯಿಂಟು ಬಿಗಿದ. ಮಗಳು ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಜಾಯಿಂಟುಗಳಿಗೆ ನಂಬರು ಹಾಕಿ, ಎದುರಿಗೆ ಬಿಗಿದವರು ಯಾರು ಎಂದು ಬರೆದಿದ್ದಳು. ಒಂದರಿಂದ ಹದಿಮೂರರವರೆಗೆ ಮಾವ, ಮಾವ, ಮಾವ. ಹದಿನಾಲ್ಕನೆಯದು ಗೇಜು ಕೂರಿಸುವ ಜಾಗ, ಅಲ್ಲಿ ಅಪ್ಪ. ಹಾಳೆಯ ಕೆಳಗೆ ಒಂದು ಚೌಕ: ಪರೀಕ್ಷೆ ಮಾಡಿದವರು, ಆರಂಭದ ಅಂಕಿ, ಕೊನೆಯ ಅಂಕಿ, ಸಹಿ. ಬೆಳಿಗ್ಗೆ ಆ ಚೌಕವನ್ನು ಅವನು ಎರಡು ಸಲ ಓದಿದ. ಎಲ್ಲಿ ನೋಡಿ ಕಲಿತೆ ಇದನ್ನು ಎಂದು ಕೇಳಿದ. ನಿನ್ನ ಬ್ಯಾಗಲ್ಲಿ ಇಂಥ ಹಾಳೆ ಇರ್ತಿತ್ತಲ್ಲ, ಚಿಕ್ಕವಳಿದ್ದಾಗ ಅದರ ಹಿಂದೆ ಚಿತ್ರ ಬರೀತಿದ್ದೆ ಎಂದಳು.

ಹನ್ನೊಂದು ಇಪ್ಪತ್ತೊಂಬತ್ತು. ಸೂಜಿ ಇಳಿದಿದೆ. ನೆಟ್ಟಗೆ ಕುಳಿತರೂ, ವಾಲಿ ಕುಳಿತರೂ ಇಳಿದೇ ಇದೆ. ಗೀಟಿಗೂ ಸೂಜಿಗೂ ನಡುವೆ ಈಗ ಬಿಳಿಯ ಎಳೆಯೊಂದು ಕಾಣುತ್ತಿತ್ತು. ಅಡಿಗೆಮನೆಯಲ್ಲಿ ಭಾಮೈದ ಅಕ್ಕನೊಡನೆ ಮಾತಾಡುತ್ತಿದ್ದವನು ಮಾತು ನಿಲ್ಲಿಸಿದ್ದು ಕೇಳಿಸಿತು. ನಂತರ ಅಕ್ಕನ ನಗು. ಮೂರನೇ ಸಲ ನೋಡ್ತಿದೀಯಲ್ಲೋ, ಆ ಗ್ಯಾಸಿನ ಗುಂಡಿ ಸವೆದುಹೋಗುತ್ತೆ ಎಂದಳು. ಏಳು ವರ್ಷದಿಂದ ಇದು ಮನೆಯಲ್ಲಿ ಎಲ್ಲರೂ ನಗುವ ವಿಷಯ. ಭಾಮೈದ ಗ್ಯಾಸು ಆರಿಸಿದ್ದನ್ನು ಮೂರು ಸಲ ನೋಡುತ್ತಾನೆ, ಬಾಗಿಲಿಗೆ ಬೀಗ ಹಾಕಿ ಮೂಲೆಯವರೆಗೆ ಹೋಗಿ ವಾಪಸ್ ಬಂದು ಜಗ್ಗಿ ನೋಡುತ್ತಾನೆ, ಬಚ್ಚಲಿನ ನಲ್ಲಿ ನಿಲ್ಲಿಸಿದ ಮೇಲೆ ಅದರ ಬಾಯಿಗೆ ಬೆರಳೊಡ್ಡಿ ಕಾಯುತ್ತಾನೆ. ಮೊದಲು ಹೀಗಿರಲಿಲ್ಲ. ಮೊದಲು ಅವನು ಸೀಟಿ ಹೊಡೆಯುತ್ತಾ ಏಣಿ ಹತ್ತುವ ಫಿಟ್ಟರಾಗಿದ್ದ. ಭಾವನಾದ ಇವನೇ ಕಂಪನಿಗೆ ಸೇರಿಸಿದ್ದ ಹುಡುಗ. ಜಾಯಿಂಟು ಬಿಗಿದ ಮೇಲೆ ಪೈಪಿನ ಬೆನ್ನಿಗೆ ಒಂದು ಏಟು ತಟ್ಟಿ ಮುಂದಕ್ಕೆ ಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ.

ಏಳು ವರ್ಷದ ಹಿಂದಿನ ಆ ಬೆಳಿಗ್ಗೆ ಚಳಿಯಿತ್ತು ಎಂಬುದು ನಿಜ. ಗ್ರಂಥಾಲಯದ ಮೂರನೆಯ ಮಹಡಿಯ ಪೈಪಿಗೆ ಹಿಂದಿನ ದಿನ ಒತ್ತಡ ಕೊಟ್ಟು ಇಪ್ಪತ್ನಾಲ್ಕು ಗಂಟೆ ಬಿಟ್ಟಿದ್ದರು. ಇನ್ಸ್‌ಪೆಕ್ಟರು ಬರುವ ಹತ್ತು ನಿಮಿಷ ಮೊದಲು ಇವನು ಹೋಗಿ ನೋಡಿದರೆ ಸೂಜಿ ಇಳಿದಿತ್ತು. ಹೆಚ್ಚೇನಿಲ್ಲ. ರಾತ್ರಿ ಚಳಿಗೆ ಸೂಜಿ ಒಂದಿಷ್ಟು ಇಳಿಯುವುದು ಆ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಚಳಿಗೆ ಇಳಿದಿದೆ ಎಂದು ಎರಡು ಸಲ ಪಂಪು ಒತ್ತಿ ಸೂಜಿಯನ್ನು ಗೀಟಿಗೆ ತಂದು ಬರೆದುಬಿಡುವುದೂ ಎಲ್ಲರಿಗೂ ಗೊತ್ತು. ನೂರಕ್ಕೆ ತೊಂಬತ್ತು ಸಲ ಅದು ಚಳಿಯೇ ಆಗಿರುತ್ತದೆ. ಇವನು ಎರಡು ಸಲ ಒತ್ತಿದ. ಹಾಳೆಯಲ್ಲಿ, ಇಳಿಯಲಿಲ್ಲ ಎಂದು ಬರೆದು ಸಹಿ ಹಾಕಿದ. ಮೂರು ತಿಂಗಳ ನಂತರ ಒಂದು ರಜೆಯ ದಿನ ಆ ಜಾಯಿಂಟು ಬಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ನೀರು ಸುರಿಯಿತು. ಛಾವಣಿಯ ಹಲಗೆಗಳು ಕಳಚಿ ಬಿದ್ದವು. ಪುಸ್ತಕಗಳು ಉಬ್ಬಿ, ಕಪಾಟುಗಳಿಂದ ಹೊರಗೆ ಎಳೆಯಲಾಗದಂತೆ ಒಂದಕ್ಕೊಂದು ಕಚ್ಚಿಕೊಂಡು ಕುಳಿತಿದ್ದವು. ಆ ವಾಸನೆ, ನೆಂದ ಕಾಗದದ ಹುಳಿ ವಾಸನೆ, ಇವನ ಚೀಲಕ್ಕೆ ಎಷ್ಟೋ ದಿನ ಅಂಟಿಕೊಂಡಿತ್ತು.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಪರೀಕ್ಷೆಯ ದಿನ ಜಾಯಿಂಟು ಭದ್ರವಾಗಿತ್ತೆಂದು ಹಾಳೆ ಹೇಳುತ್ತಿತ್ತು. ಅಂದಮೇಲೆ ಪರೀಕ್ಷೆಯ ನಂತರ ಯಾರೋ ಅದನ್ನು ಸಡಿಲಿಸಿರಬೇಕು. ನಂತರ ಅಲ್ಲಿಗೆ ಹತ್ತಿದ್ದವನು ಒಬ್ಬನೇ. ಪೈಪು ಹಿಡಿದಿಡುವ ಪಕ್ಕದ ಕ್ಲಾಂಪು ಬಿಗಿಯಲು ಭಾಮೈದ ಹೋಗಿದ್ದ. ಮ್ಯಾನೇಜರು ಹಾಳೆಯನ್ನು ಮೇಜಿನ ಗಾಜಿನ ಮೇಲೆ ತಿರುಗಿಸಿ ಇವನ ಕಡೆ ತಳ್ಳಿ, ನೀವು ನೋಡಿದಾಗ ಸರಿ ಇತ್ತಲ್ಲ ಎಂದರು. ಬರೆದಿದೀನಲ್ಲ ಸಾರ್ ಎಂದ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ಹಾಳೆ ತೋರಿಸಿದೆ ಅಷ್ಟೇ ಎಂದು ಇವನು ಏಳು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ. ಅಂದು ಸಂಜೆ ಕೆಲಸ ಕಳಕೊಂಡ ಭಾಮೈದ ಮನೆಗೆ ಬಂದು, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ಭಾವ, ನೀವು ಸೇರಿಸಿದ್ದಕ್ಕೆ ನಿಮ್ಮ ಹೆಸರಿಗೂ ಮಸಿ ಬಳಿದುಬಿಟ್ಟೆ ಎಂದ. ಕ್ಲಾಂಪು ಬಿಗಿಯುವಾಗ ನಟ್ಟಿನ ಪಾನಾ ಒಮ್ಮೆ ಜಾರಿತ್ತು ಅನ್ನಿಸುತ್ತೆ, ಜಾಯಿಂಟಿಗೆ ತಗುಲಿರಬೇಕು ಎಂದ. ಇವನಿಗೆ ಆಗ ಬಾಯಿಗೆ ಬಂದ ಮಾತು, ಇರಲಿ ಬಿಡು. ಕ್ಷಮಿಸುವವನ ಮಾತು. ಹೆಂಡತಿ ಗಂಡನ ದೊಡ್ಡ ಮನಸ್ಸಿಗೆ ಕಣ್ಣೊರೆಸಿಕೊಂಡಳು. ಅನ್ನಿಸುತ್ತೆ ಎಂದಿದ್ದ ಪಾನಾ ಒಂದು ವರ್ಷದೊಳಗೆ ಖಂಡಿತ ಜಾರಿದ ಪಾನಾ ಆಯಿತು; ಎರಡು ವರ್ಷದ ಹೊತ್ತಿಗೆ ಅದು ಜಾರಿದ ಸದ್ದು ಕೂಡ ಭಾಮೈದನಿಗೆ ನೆನಪಿತ್ತು.

ಹನ್ನೊಂದು ಮೂವತ್ತೈದು. ಇನ್ನು ಐದು ನಿಮಿಷ. ಕೋಣೆಯ ಬಾಗಿಲಲ್ಲಿ ಭಾಮೈದ ಬಂದು ನಿಂತಿದ್ದ. ಒಳಗೆ ಬರಲಿಲ್ಲ. ಕೈಯನ್ನು ಟವೆಲಿನಲ್ಲಿ ಒರೆಸುತ್ತಲೇ ಇದ್ದ, ಕೈ ಆಗಲೇ ಒಣಗಿದ್ದರೂ. ಕಣ್ಣು ಗೇಜಿನ ಮೇಲಿರಲಿಲ್ಲ. ಭಾವನ ಮುಖದ ಮೇಲಿತ್ತು. ಡಾಕ್ಟರ ಮುಖ ನೋಡುವವರ ಕಣ್ಣು. ಒಂಬತ್ತನೇದು ಸ್ವಲ್ಪ ಅನುಮಾನ ಭಾವ ಎಂದ ಮೆಲ್ಲಗೆ, ಬಿಗಿದದ್ದು ಬಿಗಿದೆ, ಆದರೂ. ಇವನು ಗೇಜಿಗೆ ಅಡ್ಡವಾಗಿ ಹೆಗಲು ತಂದು, ಇನ್ನೂ ಟೈಮ್ ಇದೆ, ನೀನು ಊಟಕ್ಕೆ ಎಲೆ ತಟ್ಟೆ ಏನು ನೋಡ್ಕೋ ಹೋಗು ಎಂದ. ಭಾಮೈದ ಹೋದ. ಹೋಗುವಾಗ ಬಾಗಿಲನ್ನು ಅರ್ಧ ಎಳೆದುಕೊಂಡು ಹೋದ, ಗಾಳಿ ಬೀಸಿದರೆ ಪರೀಕ್ಷೆ ಕೆಡುತ್ತದೇನೋ ಎಂಬಂತೆ.

ಇಳಿದಿದೆ ಎಂದು ಹೇಳಿದರೆ ಅವನು ಮೊದಲು ತನ್ನ ಕೈ ನೋಡಿಕೊಳ್ಳುತ್ತಾನೆ. ಹದಿಮೂರು ಜಾಯಿಂಟು ಬಿಚ್ಚಿ, ಹದಿಮೂರನ್ನೂ ಮತ್ತೆ ಬಿಗಿದು, ಇನ್ನೆಂದೂ ಪೈಪು ಮುಟ್ಟುವುದಿಲ್ಲ. ಏಳು ವರ್ಷದ ಮೇಲೆ ಮೊದಲ ಸಲ ಪಾನಾ ಹಿಡಿದಿದ್ದಾನೆ, ಅದೂ ಸೋದರಸೊಸೆ ಕರೆದಳು ಎಂದು. ಅವನಿಗಾಗಿಯಾದರೂ ಸೂಜಿ ನಿಲ್ಲಬೇಕಿತ್ತು. ಅವನಿಗಾಗಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಇವನ ಕೈ ಪಂಪಿನ ಹಿಡಿಯ ಮೇಲೆ ಹೋಗಿತ್ತು. ಹಿಡಿ ತಣ್ಣಗಿತ್ತು. ಒಂದು. ಎರಡು. ಸೂಜಿ ಸಾಧುವಾಗಿ ಎದ್ದು ಗೀಟಿನ ಮೇಲೆ ಕುಳಿತಿತು. ಕೈಗೆ ಆ ಎರಡರ ಲೆಕ್ಕ ಎಷ್ಟು ಚೆನ್ನಾಗಿ ನೆನಪಿತ್ತೆಂದರೆ ಇವನಿಗೆ ಹೆದರಿಕೆಯಾಯಿತು. ಪಂಪಿನ ಉಸಿರು ಅಡಿಗೆಮನೆಗೆ ಕೇಳಿಸಿತೇನೋ ಎಂದು ಕಿವಿಗೊಟ್ಟ. ಪಾತ್ರೆಯ ಸದ್ದು ನಿಂತಿರಲಿಲ್ಲ. ಗಡಿಯಾರ ಹನ್ನೊಂದು ನಲವತ್ತು ತೋರಿಸುವವರೆಗೆ ಕಾದು, ಮಾಡುವ ಕೆಲಸವನ್ನು ಕ್ರಮಬದ್ಧವಾಗಿ ಮಾಡುವವನಂತೆ, ಕೊನೆಯ ಅಂಕಿ ಐದು ಎಂದು ಬರೆದ. ಇಳಿಯಲಿಲ್ಲ ಎಂದು ಬರೆದ. ಸಹಿ ಹಾಕಿದ. ಸಹಿ ಏಳು ವರ್ಷದಲ್ಲಿ ಒಂದಿಷ್ಟೂ ಬದಲಾಗಿರಲಿಲ್ಲ.

ಮಗಳು ನೀರಿನ ಬಾಟಲಿ ಎದೆಗೊತ್ತಿಕೊಂಡು ಬಂದಳು. ಗೇಜನ್ನು ನೋಡಲಿಲ್ಲ, ಹಾಳೆಯನ್ನು ನೋಡಿದಳು. ಮಾವ, ಪಾಸ್ ಎಂದು ಕೂಗಿದಳು. ಭಾಮೈದ ಓಡಿ ಬಂದವನು ಬಾಗಿಲಲ್ಲಿ ಮತ್ತೆ ನಿಂತುಬಿಟ್ಟ. ಒಂಚೂರೂ ಇಳೀಲಿಲ್ವಾ ಎಂದು ಕೇಳಿದ, ಮಗಳನ್ನಲ್ಲ, ಇವನನ್ನು. ಇಲ್ಲ ಎಂದ ಇವನು. ದನಿ ಸಹಜವಾಗಿಯೇ ಬಂತು. ಭಾಮೈದನ ಮುಖ ಏನೋ ಆಗಿಹೋಯಿತು. ನಗಲು ಹೋಗಿ ನಗಲಾರದೆ, ಕೆನ್ನೆಯನ್ನು ಟವೆಲಿನಲ್ಲಿ ಒರೆಸಿಕೊಂಡು, ಹಾಳೆಯ ಹತ್ತಿರ ಬಂದು ಮಾವ, ಮಾವ, ಮಾವ ಎಂದಿದ್ದ ಸಾಲಿನ ಮೇಲೆ ಬೆರಳೆಳೆದು ನೋಡಿದ. ಶಾಲೆಯ ಗೋಡೆಯ ಮೇಲೆ ತನ್ನ ನಂಬರು ಸಿಕ್ಕಿದ ಹುಡುಗನ ಹಾಗಿತ್ತು ಅವನ ಬೆರಳು. ಈ ಕೈ ಇನ್ನೂ ಕೆಟ್ಟಿಲ್ಲ ಹಾಗಾದ್ರೆ ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡ. ಹೆಂಡತಿಯೂ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ತಮ್ಮನನ್ನೂ ಗಂಡನನ್ನೂ ನೋಡಿ, ಊಟ ಆರೋಗುತ್ತೆ, ನಿಮ್ಮ ನೀರಾಟ ಬೇಗ ಮುಗಿಸಿ ಎಂದು ಹೋದಳು. ಅವಳು ಎಂದೂ ಇಲ್ಲದ ಹಗುರಿನಿಂದ ಹೋದಳು.

ಎಲ್ಲರೂ ಸುಖವಾಗಿದ್ದರು. ಇವನು ತನಗೆ ತಾನು ಅದನ್ನು ತೋರಿಸಿಕೊಂಡ. ನೋಡು, ಎರಡು ಒತ್ತಿಗೆ ಮನೆಯಲ್ಲಿ ಎಷ್ಟು ಬೆಳಕು. ಸೋರುವುದಿದ್ದರೂ ಗಾಳಿ ಸೋರುವಷ್ಟು ನೀರು ಸೋರುವುದಿಲ್ಲ. ನೂರಕ್ಕೆ ತೊಂಬತ್ತು ಏನೂ ಆಗುವುದಿಲ್ಲ. ಆದರೆ ಉಳಿದ ಹತ್ತರಲ್ಲಿ ಏನಾಗುತ್ತದೆಂದು ಇವನಿಗೆ ಪೂರಾ ಗೊತ್ತಿತ್ತು: ಯಂತ್ರ ಸುಡುತ್ತದೆ, ಮಗಳು ಹಾಳೆಯ ಹತ್ತಿರ ಬರುತ್ತಾಳೆ, ಪರೀಕ್ಷೆಯ ದಿನ ಎಲ್ಲ ಸರಿಯಿತ್ತೆಂದು ಹಾಳೆ ಹೇಳುತ್ತದೆ, ಭಾಮೈದ ಯೋಚಿಸಿ ಯೋಚಿಸಿ ತಾನು ಯಾವುದನ್ನು ಮುಟ್ಟಿದೆ ಎಂದು ನೆನಪು ಮಾಡಿಕೊಳ್ಳುತ್ತಾನೆ. ನೆನಪಾಗುತ್ತದೆ ಕೂಡ.

ಮಗಳು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಮಾವ, ಯಾವುದಕ್ಕೂ ಒಂದು ಸಲ ಎಲ್ಲ ಜಾಯಿಂಟಿನ ಕೆಳಗೂ ಟಿಶ್ಯೂ ಇಡು, ಒಂದು ಹನಿ ಬಿದ್ರೂ ಗೊತ್ತಾಗುತ್ತೆ ಎಂದಳು. ಭಾಮೈದ ಟಿಶ್ಯೂ ಕಾಗದವನ್ನು ಮಡಿಸಿ ಒಂಬತ್ತನೆಯ ಜಾಯಿಂಟಿನ ಕೆಳಗೆ ತೂರಿಸಲು ಹೋದವನು ತಡೆದು ನಿಂತ. ಬೀಗ ಜಗ್ಗಿ ನೋಡಲು ಮೂಲೆಯಿಂದ ವಾಪಸ್ ಬರುವವನು, ನಲ್ಲಿಯ ಬಾಯಿಗೆ ಬೆರಳೊಡ್ಡುವವನು, ಆ ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡ.

"ಯಾಕೆ, ಬೇಕಾಗಿಲ್ಲ. ಭಾವ ನೋಡಿ ಬರೆದಾಯ್ತಲ್ಲ."

ಮಗಳ ಕೈ ಗೇಜಿನ ಕುತ್ತಿಗೆಯ ಮೇಲಿತ್ತು. ಗೇಜು ಬಿಚ್ಚಿ ಆ ಬಾಯಿಂದಲೇ ನೀರು ಹಾಕಬೇಕು. ಅದು ಒಮ್ಮೆ ಬಿಚ್ಚಿದರೆ ಸೂಜಿ ಸೊನ್ನೆಗೆ ಬೀಳುತ್ತದೆ, ಇಳಿದಿತ್ತೋ ಇಲ್ಲವೋ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಒಂದು ಸುತ್ತು ತಿರುಗಿಸಿದರೆ ಸಾಕು. ಇವನು ಆ ಸುತ್ತಿಗಾಗಿ ಕಾದ. ನಿಜಕ್ಕೂ ಕಾದ; ಆಮೇಲೆ ತನ್ನ ಮೇಲೆ ಅತ್ಯಂತ ಹೇಸಿಗೆಯಾದದ್ದು ಆ ಕಾದ ಕ್ಷಣಕ್ಕೇ.

"ಬಿಚ್ಚಬೇಡ," ಎಂದ.

ಮಗಳು ಕೈ ತೆಗೆಯದೆ ತಿರುಗಿ ನೋಡಿದಳು.

"ಸೂಜಿ ಇಳಿದಿತ್ತು. ನಾನು ಎರಡು ಸಲ ಪಂಪ್ ಒತ್ತಿ ಬರೆದೆ."

ಅವಳು ಕೂಗಲಿಲ್ಲ. ಬಾಟಲಿಯ ಮುಚ್ಚಳವನ್ನು ಹಾಕಿ, ನಿಧಾನಕ್ಕೆ ಕೊನೆಯ ಸುತ್ತಿನವರೆಗೆ ತಿರುಗಿಸಿ, ಯಾಕಪ್ಪ ಎಂದಳು. ಕೋಪವಿದ್ದರೆ ಉತ್ತರ ಕೊಡಬಹುದಿತ್ತು. ಅವಳಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ತನ್ನದೇ ಮನೆಯ, ತನ್ನದೇ ಮಗಳ ಯಂತ್ರಕ್ಕೆ ಯಾರಾದರೂ ಯಾಕೆ ಹಾಗೆ ಮಾಡುತ್ತಾರೆ? ಇವನ ಬಾಯಿ ತಾನಾಗಿಯೇ, ಇಪ್ಪತ್ನಾಲ್ಕು ವರ್ಷದ ಅಭ್ಯಾಸದಿಂದ, ಸಿಕ್ಕ ಮಾತನ್ನು ಹಿಡಿಯಿತು. "ಚಳಿಗೆ... ಕೆಲವು ಸಲ ಚಳಿಗೆ ಇಳಿಯುತ್ತೆ," ಎಂದ. ಮುಚ್ಚಿದ ಕಿಟಕಿಯ ಕೋಣೆಯಲ್ಲಿ ಮೂವರ ಹಣೆಯ ಮೇಲೂ ಬೆವರಿತ್ತು.

ಭಾಮೈದ ಒಂಬತ್ತನೆಯ ಜಾಯಿಂಟಿನ ಮೇಲೆ ಬಾಗಿದ್ದ. ಇಳಿದಿತ್ತು ಎಂಬ ಮಾತು ಕೇಳಿದೊಡನೆ ಅವನ ಬೆರಳು ಅಲ್ಲಿಗೆ ಹೋಗಿಬಿಟ್ಟಿತ್ತು. ಚಳಿ ಎಂಬ ಮಾತಿಗೆ ಬೆರಳು ನಿಂತಿತು. ಅವನು ತಲೆಯೆತ್ತಿದ.

"ಲೈಬ್ರರಿಲೂ ಅವತ್ತು ಚಳಿ ಇತ್ತು," ಎಂದ. "ಇನ್ಸ್‌ಪೆಕ್ಟರು ಬರೋಕೆ ಮುಂಚೆ ನೀವು ಒಬ್ಬರೇ ಮೇಲೆ ಹೋಗಿದ್ರಿ. ನಾನು ಏಣಿ ಹಿಡ್ಕೊಂಡಿದ್ದೆ."

ಇವನು ಹಾಳೆಯ ಮೇಲಿನ ತನ್ನ ಸಹಿಯನ್ನು ನೋಡಿದ.

"ಅವತ್ತೂ ಒತ್ತಿದ್ರಾ?"

"ಒತ್ತಿದೆ."

"ಎಷ್ಟು?"

"ಎರಡು."

ಅಡಿಗೆಮನೆಯಲ್ಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸುವ ಸದ್ದು. ಮಗಳು ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು. ಇದು ತನ್ನ ಯಂತ್ರದ ಮಾತಲ್ಲ ಎಂದು ಅವಳಿಗೆ ತಿಳಿದುಹೋಗಿತ್ತು. ಹೊಡೆಯಲಿ ಎಂದುಕೊಂಡ ಇವನು. ಬಾಗಿಲು ಧಡಾರನೆ ಎಳೆದುಕೊಂಡು ಹೋಗಲಿ, ಅಕ್ಕಾ ಎಂದು ಕೂಗಿ ಕರೆಯಲಿ. ಭಾಮೈದ ಅದೇನೂ ಮಾಡಲಿಲ್ಲ. ಪುಟ್ಟಿ, ಒಂದು ಬಟ್ಟಲಲ್ಲಿ ಸೋಪಿನ ನೀರು ತಾ, ಒಂದು ಬ್ರಷ್ ಎಂದ. ಅವಳು ತಂದುಕೊಟ್ಟಳು. ಅವನು ಬ್ರಷ್ಷನ್ನು ನೊರೆಯಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹನಿ ಸೋಸಿ, ಕೆಳಗೆ ಟಿಶ್ಯೂ ಹಿಡಿದು, ಜಾಯಿಂಟುಗಳತ್ತ ಕೈ ನೀಡಿದ. ಒಂಬತ್ತನೆಯದರ ಹತ್ತಿರ ಬಂತು ಕೈ. ಅದನ್ನು ದಾಟಿಕೊಂಡು ಹೋಯಿತು. ಹತ್ತು, ಹನ್ನೊಂದು, ಎಲ್ಲವನ್ನೂ ದಾಟಿ ನೇರ ಇವನು ಬಿಗಿದಿದ್ದ ಹದಿನಾಲ್ಕಕ್ಕೆ ಬಂದು, ಗೇಜಿನ ಕುತ್ತಿಗೆಗೆ ನೊರೆ ಹಚ್ಚಿ ನಿಂತಿತು. ಮೂವರೂ ಬಾಗಿ ನೋಡಿದರು. ನೊರೆಯ ನಡುವೆ ಒಂದು ಗುಳ್ಳೆ ಮೆಲ್ಲಗೆ ಉಬ್ಬಿ ಒಡೆಯಿತು. ಮತ್ತೊಂದು ಉಬ್ಬಿತು.

ಗೇಜಿನ ಕೆಳಗಿನ ರಬ್ಬರ್ ಉಂಗುರ ತಿರುಚಿಕೊಂಡಿತ್ತು. ನೀರು ಹಾಕುವ ಮೊದಲು ಹೇಗೂ ಬಿಚ್ಚಿ ತೆಗೆದಿಡುವ ಜಾಗ. ಅಲ್ಲಿ ಸೋರಿದರೆ ಯಂತ್ರಕ್ಕೆ ಏನೂ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಈ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತಿರುತ್ತಿದ್ದರು, ಸಂಜೆ ಮಗಳು ಆಡುತ್ತಿದ್ದಳು, ಭಾಮೈದ ಸೀಟಿ ಹೊಡೆಯುತ್ತಾ ಮನೆಗೆ ಹೋಗುತ್ತಿದ್ದನೇನೋ. ಈ ಯೋಚನೆ ಬಂದದ್ದಕ್ಕೆ ಇವನಿಗೆ ತನ್ನ ಮೇಲೆ ಮತ್ತೊಮ್ಮೆ ಅಸಹ್ಯವಾಯಿತು. ಮಗಳು ಹೊಸ ಉಂಗುರ ಹುಡುಕಿಕೊಟ್ಟಳು. ಭಾಮೈದನೇ ಕೂರಿಸಿ ಬಿಗಿದ. ಅವಳು ಹಾಳೆಯಲ್ಲಿ ಅಪ್ಪ ಎಂದಿದ್ದುದನ್ನು ಹೊಡೆದುಹಾಕಿ ಮಾವ ಎಂದು ಬರೆದಳು. ಕೆಳಗಿನ ಚೌಕದಲ್ಲಿದ್ದ ಅಂಕಿಗಳನ್ನು, ಸಹಿಯನ್ನು, ಸ್ಕೇಲಿಟ್ಟು ಒಂದೇ ಗೆರೆಯಲ್ಲಿ ಹೊಡೆದಳು. ನಕ್ಷೆಯ ಕೆಳಮೂಲೆಯ ನಲ್ಲಿಯ ಚಿತ್ರ ಮಾತ್ರ ಹಾಗೇ ಇತ್ತು. ಗಾಳಿ ತುಂಬಿ, ಹನ್ನೆರಡು ಐದು ಎಂದು ಸಮಯ ಬರೆದಳು.

ಭಾಮೈದ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ.

"ನೀವು ಏಳಿ," ಎಂದ.

ಭಾವ ಎನ್ನಲಿಲ್ಲ. ಇವನು ಎದ್ದ. ಭಾಮೈದ ಕುಳಿತು ಕುರ್ಚಿಯನ್ನು ಸರಿಪಡಿಸಿಕೊಂಡು, ಸೂಜಿಯ ನೇರಕ್ಕೆ ಮೂಗು ಬರುವ ಹಾಗೆ ಬೆನ್ನು ನೆಟ್ಟಗೆ ಮಾಡಿದ. ಇವನೇ ಒಂದು ಕಾಲಕ್ಕೆ ಹೇಳಿಕೊಟ್ಟ ಭಂಗಿ. ಎದ್ದವನಿಗೆ ಕೋಣೆಯಲ್ಲಿ ನಿಲ್ಲಲು ಜಾಗ ಸಿಗಲಿಲ್ಲ. ಗೋಡೆಗೆ ಒರಗಿ ನಿಂತ, ಅಲ್ಲಿ ಹಾಳೆ ಬೆನ್ನಿಗೆ ಅಂಟಿತೆಂದು ಪಕ್ಕಕ್ಕೆ ಸರಿದ. ಸಂಜೆಯೊಳಗೆ ಹೆಂಡತಿಗೆ ಹೇಳಬೇಕು. ನಾಳೆ ಆಫೀಸಿನಲ್ಲಿ ಹೇಳಬೇಕು; ಆ ಮ್ಯಾನೇಜರು ಈಗಿಲ್ಲ, ಆದರೂ ಹೇಳಬೇಕು. ಹೇಳುತ್ತೇನೆಯೇ ಎಂದು ಕೇಳಿಕೊಂಡ. ಭಾಮೈದ, ಸೂಜಿಯಿಂದ ಕಣ್ಣು ತೆಗೆಯದೆ, ತೀರ ಮೆಲ್ಲನೆ ಕೇಳಿದ:

"ಹಾಗಾದ್ರೆ ಆ ಪಾನಾ?"

"ಜಾರಿರಲಿಲ್ಲ," ಎಂದ ಇವನು. "ನಿನ್ನ ಪಾನಾ ಜಾರಿರಲಿಲ್ಲ."

ಭಾಮೈದ ಹೂಂ ಎಂದನೋ, ಉಸಿರು ಬಿಟ್ಟನೋ ತಿಳಿಯಲಿಲ್ಲ. ತೊಡೆಯ ಮೇಲಿದ್ದ ಬಲಗೈಯನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಸೂಜಿ ತಪ್ಪುತ್ತದೆಂಬಂತೆ. ಮಗಳು ಅವನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಇವನ ಕಡೆ ನೋಡಲಿಲ್ಲ.

ಹನ್ನೆರಡು ಇಪ್ಪತ್ತಕ್ಕೆ ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು. ಅವಳು ಆಗಲೇ ತಟ್ಟೆಗಳನ್ನು ಹೊರಗೆ ತಂದಾಗಿತ್ತು, ನಗುತ್ತಿದ್ದಳು.

"ತಮ್ಮಾ, ಗ್ಯಾಸ್ ಆರಿಸಿದ್ಯೇನೋ? ಬಂದು ನೋಡ್ಕೊಂಡು ಹೋಗು, ಇಲ್ದಿದ್ರೆ ನಿನಗೆ ತುತ್ತು ಇಳಿಯಲ್ಲ."

"ಆರಿಸಿದೀನಿ ಅಕ್ಕ," ಎಂದ ಭಾಮೈದ, ಕುಳಿತಲ್ಲಿಂದ ಏಳಲಿಲ್ಲ.